ಆಕಾರ ಉಳಿಸಿಕೊಂಡು ಬದಲಾಗುವ ಖನಿಜಗಳು: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಪ್ರಯೋಗಾಲಯದಲ್ಲಿ ಕಂಡ ಘನಾಕೃತಿಯ ಕಂದು ಹರಳು ಗೋಥೈಟ್ ಎಂಬ ಕಬ್ಬಿಣದ ಖನಿಜವಾದರೂ ಅದರ ಆಕಾರ ಆ ಖನಿಜದ್ದಲ್ಲವೇನೋ ಎಂದು ನಿನಗೆ ಬಂದ ಅನುಮಾನ ಸರಿಯಾಗಿದೆ. ಗೋಥೈಟ್ ತಾನಾಗಿ ಬೆಳೆಯುವಾಗ ಸೂಜಿಯಾಗುತ್ತದೆ, ನಾರಾಗುತ್ತದೆ, ಗುಂಡಗಿನ ಮುದ್ದೆಯಾಗುತ್ತದೆ. ಆರು ಚೌಕ ಮುಖಗಳ ಘನಾಕೃತಿಯನ್ನು ಮಾತ್ರ ತಳೆಯುವುದಿಲ್ಲ. ಆ ಆಕಾರ ಪೈರೈಟ್ ಎಂಬ ಇನ್ನೊಂದು ಖನಿಜದ್ದು. ಪೈರೈಟ್ ಕರಗಿಹೋದ ಜಾಗದಲ್ಲಿ ಗೋಥೈಟ್ ನೆಲೆಸಿದೆ, ಅಷ್ಟೇ. (ಜರ್ಮನ್ ಕವಿ ಗಯಟೆಯ ಹೆಸರು ಹೊತ್ತ ಖನಿಜವಿದು, ಸಾಹಿತ್ಯ ಓದುವ ನಿನ್ನ ಅಣ್ಣನಿಗೂ ಹೇಳು.)

ಪೈರೈಟಿನಲ್ಲಿ ಇರುವುದು ಕಬ್ಬಿಣ ಮತ್ತು ಗಂಧಕ. ಆಮ್ಲಜನಕ ಬೆರೆತ ನೀರು ಅದರ ಬಿರುಕುಗಳಲ್ಲಿ ಇಳಿದಾಗ ಗಂಧಕವು ನೀರಿನಲ್ಲಿ ಕರಗುವ ಸಲ್ಫೇಟ್ ಆಗಿ ಅದರೊಂದಿಗೆ ಹರಿದುಹೋಗುತ್ತದೆ. ಕಬ್ಬಿಣವಾದರೋ ಆಮ್ಲಜನಕದಿಂದ ಉತ್ಕರ್ಷಣಗೊಂಡು (ತುಕ್ಕು ಹಿಡಿಯುವ ಹಾಗೆ), ಹೆಚ್ಚು ಆಮ್ಲೀಯವಲ್ಲದ ನೀರಿನಲ್ಲಿ ಕರಗಲಾರದೆ, ಬಿಡುಗಡೆಯಾದ ಕಡೆಯಲ್ಲೇ ಗೋಥೈಟ್ ಆಗಿ ಕೂರುತ್ತದೆ. ಕರಗುವುದೂ ಕೂರುವುದೂ ಒಂದೇ ಗಡಿಯಲ್ಲಿ, ಹೆಚ್ಚುಕಡಿಮೆ ಒಂದೇ ವೇಗದಲ್ಲಿ ನಡೆದರೆ ಮಾತ್ರ ಆಕಾರ ಉಳಿಯುತ್ತದೆ. ಚಾವಣಿಯನ್ನು ಇಳಿಸದೆ ಒಂದೊಂದೇ ಹಳೆಯ ಹಂಚು ತೆಗೆದು ಅಲ್ಲಿಯೇ ಹೊಸದನ್ನು ಜೋಡಿಸಿದ ಹಾಗೆ. ಪೈರೈಟಿನ ಮುಖಗಳ ಮೇಲಿನ ಸಣ್ಣ ಗೆರೆಗಳು ಸಹ ಎಷ್ಟೋ ಸಲ ಹಾಗೆಯೇ ಉಳಿದಿರುತ್ತವೆ.

ಆದರೂ ಲೆಕ್ಕ ಪೂರ್ತಿ ಸಮನಾಗುವುದಿಲ್ಲ. ಅಷ್ಟೇ ಕಬ್ಬಿಣಕ್ಕೆ ಗೋಥೈಟ್ ಪೈರೈಟಿಗಿಂತ ಸುಮಾರು 13 ಪ್ರತಿಶತ ಕಡಿಮೆ ಜಾಗ ಹಿಡಿಯುವುದರಿಂದ ಒಳಗೆ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಇದು ಕೊರತೆಯಲ್ಲ, ಅನುಕೂಲ ಎಂದೇ ನನ್ನ ಅಭಿಪ್ರಾಯ: ರಂಧ್ರಗಳಿಲ್ಲದಿದ್ದರೆ ಹೊಸ ಪದರವೇ ಮುಚ್ಚಳವಾಗಿ ನೀರನ್ನು ತಡೆದು ಬದಲಾವಣೆಯನ್ನು ನಿಲ್ಲಿಸಿಬಿಡುತ್ತಿತ್ತು. ಕೆಲವು ಹರಳುಗಳನ್ನು ಸೀಳಿದಾಗ ನಡುವೆ ಹೊಳೆಯುವ ಪೈರೈಟ್ ಇನ್ನೂ ಸಿಗುವುದುಂಟು. ಯಾವುದು ಯಾವುದೆಂದು ತಿಳಿಯಲು ಹೊಳಪಿಲ್ಲದ ಬಿಳಿ ಪಿಂಗಾಣಿಯ ಮೇಲೆ ಉಜ್ಜಿದರೆ ಪೈರೈಟ್ ಹಸಿರುಗಪ್ಪು ಗೆರೆಯನ್ನೂ ಗೋಥೈಟ್ ಹಳದಿಗಂದು ಗೆರೆಯನ್ನೂ ಬಿಡುತ್ತದೆ.

ಮರ ಕಲ್ಲಾಗುವುದು ಇದರ ನಂಟಿನ ಸಂಗತಿಯೇ ಆದರೂ ಮೊದಲ ಹೆಜ್ಜೆ ಬೇರೆ. ಅಮೆರಿಕದ ಅರಿಜೋನಾದಲ್ಲಿ ಸುಮಾರು 22 ಕೋಟಿ ವರ್ಷಗಳ ಹಿಂದೆ ನದಿಗಳು ತಂದ ದಿಮ್ಮಿಗಳು ಜ್ವಾಲಾಮುಖಿ ಬೂದಿ ಬೆರೆತ ಕೆಸರಿನಲ್ಲಿ ಹೂತುಹೋದವು. ಆಮ್ಲಜನಕ ಸಿಗದ್ದರಿಂದ ಕೊಳೆಯುವಿಕೆ ನಿಧಾನವಾಯಿತು; ಬೂದಿಯಿಂದ ಕರಗಿದ ಸಿಲಿಕಾ (ಮರಳಿನಲ್ಲಿರುವ ಖನಿಜ ದ್ರವ್ಯ) ಮೊದಲು ಜೀವಕೋಶಗಳ ಪೊಳ್ಳುಗಳನ್ನು ತುಂಬಿ, ಬಳಿಕ ಕೋಶಭಿತ್ತಿಗಳ ಜಾಗವನ್ನೂ ಆಕ್ರಮಿಸಿತು. ಮರವೇ ಕಲ್ಲಾಯಿತು ಎಂಬ ಮಾತು ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಅಲ್ಲಿ ಮರದ ಮೂಲ ದ್ರವ್ಯ ಉಳಿದಿರುವುದು ತೀರ ಅಲ್ಪ. ಕೆಂಪು, ಹಳದಿ ಬಣ್ಣಗಳೂ ಕಬ್ಬಿಣದ ಆಕ್ಸೈಡುಗಳಿಂದ ಬಂದವು.

ಮರ ಮೊದಲೇ ಪೂರ್ತಿ ಕೊಳೆತು, ಖಾಲಿಯಾದ ಅಚ್ಚಿನೊಳಗೆ ಮುಂದೆಂದೋ ಖನಿಜ ತುಂಬಿದ್ದರೆ ಹೊರಗೆ ತೊಗಟೆಯ ರೂಪ ಕಾಣಬಹುದು, ಒಳಗೆ ಕೋಶಗಳ ಸುಳಿವೇ ಇರುವುದಿಲ್ಲ. ಆದ್ದರಿಂದ ತೆಳುವಾಗಿ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡುವವರೆಗೆ ತೀರ್ಮಾನ ಹೇಳಬೇಡ. ಪುದುಚೇರಿಯ ಸಮೀಪದ ತಿರುವಕ್ಕರೈಯಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಸಂರಕ್ಷಣೆಯಲ್ಲಿರುವ ಕಲ್ಲುದಿಮ್ಮಿಗಳ ಮರಗಳು ಯಾವ ಸಸ್ಯಕುಟುಂಬದವು ಎಂದು ತಜ್ಞರು ಗುರುತಿಸಲು ಸಾಧ್ಯವಾದದ್ದು ಈ ಕೋಶರಚನೆ ಉಳಿದಿದ್ದರಿಂದಲೇ. ರಜೆಯಲ್ಲಿ ಅಲ್ಲಿಗೆ ಹೋಗೋಣ. ಅಲ್ಲಿಂದ ಚೂರನ್ನೂ ಎತ್ತಿಕೊಂಡು ಬರುವಂತಿಲ್ಲ, ಭೂತಗನ್ನಡಿ ಮಾತ್ರ ಮರೆಯಬೇಡ.

ನಿನ್ನ ಅಪ್ಪ