ತಪ್ಪು ಎದುರಿನವರದಾದಾಗ: ಕಾರಿನ ವಿಮೆಯ ಬಗ್ಗೆ ಮಗಳಿಗೊಂದು ಪತ್ರ

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ಕಾರಿನ ವಿಮೆಯನ್ನು ನವೀಕರಿಸುವಾಗ ಕಾನೂನು ವೆಚ್ಚದ ರಕ್ಷಣೆಯನ್ನೂ ಸೇರಿಸಿಕೊಳ್ಳಬೇಕೇ ಎಂದು ನೀನು ಕೇಳಿದಾಗ, ನಾನು ಫೋನಿನಲ್ಲಿ ‘ಸೇರಿಸಿಬಿಡು’ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದೆ. ಹಾಗೆ ಹೇಳಿದ್ದು ಸರಿಯಾಗಲಿಲ್ಲವೆಂದು ಆಮೇಲೆ ಅನ್ನಿಸಿತು. ಹೆಚ್ಚಿನ ಕಂತನ್ನು ಕಟ್ಟುವವಳು ನೀನು. ಅದು ಯಾವುದಕ್ಕಾಗಿ ಎಂಬುದು ನಿನಗೆ ಸ್ಪಷ್ಟವಾಗಿ ತಿಳಿದಿರಬೇಕು. ಆದ್ದರಿಂದ ಈ ಪತ್ರ.

ಈ ರಕ್ಷಣೆಯ ಬಗ್ಗೆ ಬಹಳ ಜನರಿಗಿರುವ ತಪ್ಪು ಕಲ್ಪನೆಯೆಂದರೆ, ನಮ್ಮ ತಪ್ಪಿನಿಂದ ಅಪಘಾತವಾಗಿ ಯಾರಾದರೂ ನಮ್ಮ ಮೇಲೆ ದಾವೆ ಹೂಡಿದರೆ ಆಗ ವಕೀಲರನ್ನು ಕೊಡುವುದು ಇದೇ ಎಂಬುದು. ಅಂಥ ದಾವೆಯನ್ನು ಸಾಮಾನ್ಯವಾಗಿ ಮೂಲ ಪಾಲಿಸಿಯ ಥರ್ಡ್ ಪಾರ್ಟಿ ಭಾಗವೇ ನೋಡಿಕೊಳ್ಳುತ್ತದೆ, ಏಕೆಂದರೆ ಪರಿಹಾರ ಕೊಡಬೇಕಾದವರು ವಿಮಾ ಕಂಪನಿಯವರಾದ್ದರಿಂದ ವಾದ ಮಾಡುವ ಹಿತಾಸಕ್ತಿಯೂ ಅವರದೇ. ನೀನೀಗ ಯೋಚಿಸುತ್ತಿರುವ ಹೆಚ್ಚುವರಿ ರಕ್ಷಣೆ ಇದಕ್ಕೆ ವಿರುದ್ಧವಾದ ಸಂದರ್ಭಕ್ಕೆ ಸೇರಿದ್ದು: ತಪ್ಪು ಎದುರಿನವರದು, ನಷ್ಟ ನಿನ್ನದು. ಪೂರ್ಣ ವಿಮೆ ಇದ್ದರೆ ಕಾರಿನ ದುರಸ್ತಿಗೆ ಹಣ ಬರುತ್ತದೆ, ನಿಜ. ಆದರೆ ಪ್ರತಿ ಕ್ಲೇಮಿನಲ್ಲೂ ನೀನು ಕೈಯಿಂದ ಭರಿಸಬೇಕಾದ ಮೊದಲ ಪಾಲು, ಕಾರು ಗ್ಯಾರೇಜಿನಲ್ಲಿರುವಷ್ಟು ದಿನ ಬಾಡಿಗೆ ವಾಹನಕ್ಕೆ ಕೊಟ್ಟ ಹಣ, ಕೆಲಸಕ್ಕೆ ಹೋಗಲಾಗದೆ ಕಳೆದುಕೊಂಡ ಸಂಪಾದನೆ, ದೇಹಕ್ಕಾದ ಪೆಟ್ಟಿಗೆ ಸಿಗಬೇಕಾದ ಪರಿಹಾರ, ಇವುಗಳಲ್ಲಿ ಹೆಚ್ಚಿನವು ಪಾಲಿಸಿಯ ಹೊರಗೇ ಉಳಿಯುತ್ತವೆ. ಇವನ್ನು ತಪ್ಪು ಮಾಡಿದವರಿಂದ ವಸೂಲು ಮಾಡುವ ಹಕ್ಕು ನಿನಗಿದೆ. ಆ ಹಕ್ಕನ್ನು ಚಲಾಯಿಸಲು ತಗಲುವ ವಕೀಲರ ಶುಲ್ಕ, ನ್ಯಾಯಾಲಯದ ಶುಲ್ಕ, ತಜ್ಞರ ವರದಿಯ ವೆಚ್ಚಗಳನ್ನು ಕೊಡುವುದೇ ಈ ರಕ್ಷಣೆಯ ಕೆಲಸ.

ನೀನು ಚಿಕ್ಕವಳಿದ್ದಾಗ ಸಿಗ್ನಲ್ಲಿನಲ್ಲಿ ನಿಂತಿದ್ದ ನನ್ನ ಕಾರಿಗೆ ಹಿಂದಿನಿಂದ ಒಂದು ವಾಹನ ಬಂದು ಗುದ್ದಿದ್ದು ನಿನಗೆ ನೆನಪಿರಲಾರದು. ತಪ್ಪು ಯಾರದೆಂಬುದರಲ್ಲಿ ಸಂದೇಹವೇ ಇರಲಿಲ್ಲ. ಕಾರನ್ನು ನಮ್ಮ ವಿಮೆಯವರು ಸರಿಮಾಡಿಸಿಕೊಟ್ಟರು. ಆದರೆ ಕತ್ತಿನ ನೋವಿನಿಂದಾಗಿ ಸಂಬಳವಿಲ್ಲದೆ ರಜೆ ಹಾಕಿದ ದಿನಗಳ ಹಣಕ್ಕೂ ಓಡಾಟದ ಖರ್ಚಿಗೂ ನಾನು ಎದುರು ಪಕ್ಷದ ವಿಮಾ ಕಂಪನಿಗೆ ಎಷ್ಟು ಪತ್ರ ಬರೆದರೂ, ಪ್ರತಿ ಸಲವೂ ಮತ್ತೊಂದು ದಾಖಲೆ ಬೇಕೆಂಬ ಉತ್ತರವೇ ಬರುತ್ತಿತ್ತು. ಒಬ್ಬ ವಕೀಲರನ್ನು ವಿಚಾರಿಸಿದಾಗ, ತಮ್ಮ ಶುಲ್ಕವೇ ನನಗೆ ಬರಬೇಕಾದ ಹಣದ ಹೆಚ್ಚಿನ ಭಾಗವನ್ನು ನುಂಗುತ್ತದೆಂದು ಅವರು ಪ್ರಾಮಾಣಿಕವಾಗಿ ಹೇಳಿದರು. ನಾನು ಕೈಬಿಟ್ಟೆ. ಹಣ ಹೋದದ್ದಕ್ಕಿಂತ, ನ್ಯಾಯ ನನ್ನ ಕಡೆಗಿದ್ದೂ ಸುಮ್ಮನಾಗಬೇಕಾಯಿತಲ್ಲ ಎಂಬುದು ಇಂದಿಗೂ ನನ್ನನ್ನು ಚುಚ್ಚುತ್ತದೆ. ಫೋನಿನಲ್ಲಿ ಅಷ್ಟು ಅವಸರದಿಂದ ಉತ್ತರಿಸಿದ್ದಕ್ಕೆ ಕಾರಣ ಇದೇ.

ಈ ಕಷ್ಟ ಹೊಸದೇನಲ್ಲ. ಜರ್ಮನಿಯ ಡ್ಯೂಸೆಲ್ಡಾರ್ಫ್ ನಗರದಲ್ಲಿ 1935ರಲ್ಲೇ ಕಾನೂನು ವೆಚ್ಚದ ವಿಮೆಗೆಂದು ‘ಅರಾಗ್’ ಎಂಬ ಸಂಸ್ಥೆ ಹುಟ್ಟಿಕೊಂಡಿತು. ವ್ಯಾಜ್ಯದ ಖರ್ಚಿನ ನಿಯಮ ಎಲ್ಲ ದೇಶಗಳಲ್ಲಿ ಒಂದೇ ಅಲ್ಲ: ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಸೋತವರು ಗೆದ್ದವರ ವೆಚ್ಚವನ್ನೂ ಭರಿಸಬೇಕು, ಅಮೆರಿಕದಲ್ಲಿ ಹೆಚ್ಚಾಗಿ ಅವರವರ ವಕೀಲರ ಖರ್ಚು ಅವರವರಿಗೆ. ಸೋತವರು ಎರಡೂ ಕಡೆಯ ಖರ್ಚು ಹೊರಬೇಕಾದ ಕಡೆ, ಎದುರು ಪಕ್ಷದ ವೆಚ್ಚವೂ ಈ ರಕ್ಷಣೆಯಲ್ಲಿ ಸೇರಿದೆಯೇ ಎಂಬುದನ್ನು ನೋಡಿಕೊಳ್ಳದೆ ಸಹಿ ಹಾಕಬಾರದು.

ಇನ್ನು ಷರತ್ತುಗಳು. ಇವನ್ನು ಓದುವಾಗ ದಯವಿಟ್ಟು ಆತುರಪಡಬೇಡ. ಗೆಲ್ಲುವ ಸಾಧ್ಯತೆ ಸೋಲುವ ಸಾಧ್ಯತೆಗಿಂತ ಹೆಚ್ಚಾಗಿದ್ದರೆ, ಅಂದರೆ ಶೇಕಡಾ 50ಕ್ಕಿಂತ ಮೇಲಿದ್ದರೆ ಮಾತ್ರ ಹಣ ಕೊಡುತ್ತೇವೆಂಬ ಷರತ್ತು ಇಂಥ ಪಾಲಿಸಿಗಳಲ್ಲಿ ಸಾಮಾನ್ಯ. ಆ ಅಂದಾಜನ್ನು ಮಾಡುವವರು ವಿಮಾ ಕಂಪನಿಯವರೇ ನೇಮಿಸಿದ ವಕೀಲರು. ಕಂಪನಿಯವರ ಒಪ್ಪಿಗೆಗೆ ಮೊದಲೇ ನೀನಾಗಿ ವಕೀಲರನ್ನು ಗೊತ್ತುಮಾಡಿಕೊಂಡರೆ ಆ ಖರ್ಚು ನಿನ್ನ ತಲೆಗೇ ಬರುತ್ತದೆ. ಆದ್ದರಿಂದ ಅಪಘಾತವಾದ ಕೂಡಲೇ ಅವರಿಗೆ ತಿಳಿಸುವುದು ಮುಖ್ಯ. ವಕೀಲರನ್ನು ಯಾರು ಆರಿಸಬೇಕೆಂಬುದು ಯುರೋಪಿನಲ್ಲಿ ಎಷ್ಟು ದೊಡ್ಡ ವಿವಾದವಾಗಿತ್ತೆಂದರೆ, ವ್ಯಾಜ್ಯ ನ್ಯಾಯಾಲಯಕ್ಕೆ ಹೋದಾಗ ವಿಮೆ ಮಾಡಿಸಿದವರೇ ತಮ್ಮ ವಕೀಲರನ್ನು ಆರಿಸಿಕೊಳ್ಳಬಹುದೆಂದು 1987ರಲ್ಲಿ ಅಲ್ಲಿನ ದೇಶಗಳ ಒಕ್ಕೂಟವು ನಿರ್ದೇಶನವನ್ನೇ ಹೊರಡಿಸಬೇಕಾಯಿತು. ನಿನ್ನ ಪಾಲಿಸಿ ಈ ಬಗ್ಗೆ ಏನು ಹೇಳುತ್ತದೆಂದು ನೋಡು. ಸಂಚಾರ ಅಪರಾಧದ ದಂಡವನ್ನು ಯಾರೂ ಕಟ್ಟಿಕೊಡುವುದಿಲ್ಲ. ನಿನ್ನ ವಿಮಾ ಕಂಪನಿಯೊಂದಿಗೇ ಜಗಳವಾದರೆ ಅದೂ ಸಾಮಾನ್ಯವಾಗಿ ಹೊರಗೇ ಇರುತ್ತದೆ. ಗುದ್ದಿದವರು ಪತ್ತೆಯಾಗದಿದ್ದರೆ, ಅಥವಾ ಪತ್ತೆಯಾದರೂ ಅವರಿಗೆ ವಿಮೆಯಾಗಲಿ ಆಸ್ತಿಯಾಗಲಿ ಇಲ್ಲದಿದ್ದರೆ, ಎಂಥ ವಕೀಲರೂ ಅವರಿಂದ ಹಣ ತರಿಸಲಾರರು.

ಇಷ್ಟನ್ನೂ ಯೋಚಿಸಿದ ಮೇಲೆ ನನ್ನ ಅಭಿಪ್ರಾಯ ಮೊದಲಿನದೇ, ಆದರೆ ಒಂದು ಶರತ್ತಿನೊಂದಿಗೆ. ನೀನು ತಿಂಗಳ ಸಂಬಳದವಳಲ್ಲ. ಕಾರು ಹತ್ತು ದಿನ ನಿಂತರೆ ಆ ಹತ್ತು ದಿನದ ಸಂಪಾದನೆಯೂ ನಿಲ್ಲುತ್ತದೆ, ಅದನ್ನು ತುಂಬಿಕೊಡುವ ಬೇರೆ ಯಾರೂ ಇಲ್ಲ. ಮನೆಯಲ್ಲೇ ಕುಳಿತು ಸಂಬಳ ಪಡೆಯುವ, ಅಪರೂಪಕ್ಕೆ ಕಾರು ತೆಗೆಯುವ ನಿನ್ನ ಅಣ್ಣನಿಗೆ ನಾನು ಇದನ್ನೇ ಹೇಳುತ್ತಿರಲಿಲ್ಲ. ಆದರೆ ಇದೇ ರಕ್ಷಣೆ ನಿನಗೆ ಈಗಾಗಲೇ ಮನೆಯ ವಿಮೆಯ ಜೊತೆಗೋ ವೃತ್ತಿ ಸಂಘದ ಸದಸ್ಯತ್ವದ ಜೊತೆಗೋ ಬಂದಿರಬಹುದು. ಬಂದಿದ್ದರೆ ಅದು ರಸ್ತೆ ಅಪಘಾತಕ್ಕೂ ಅನ್ವಯಿಸುತ್ತದೆಯೇ ಎಂದು ಕೇಳಿ ತಿಳಿದುಕೋ. ಅನ್ವಯಿಸುವುದಾದರೆ ಎರಡನೇ ಸಲ ಹಣ ಕೊಡುವ ಅಗತ್ಯವಿಲ್ಲ.

ಸಂಘದವರ ಉತ್ತರವನ್ನು ಬಾಯಿಮಾತಿನಲ್ಲಿ ಒಪ್ಪಿಕೊಳ್ಳದೆ ಬರಹದಲ್ಲಿ ತರಿಸಿಕೋ. ನವೀಕರಣದ ಕೊನೆಯ ದಿನಕ್ಕೆ ಮುಂಚೆ ಪಾಲಿಸಿಯ ಪೂರ್ಣ ಪ್ರತಿಯನ್ನು ನನಗೂ ಕಳಿಸು. ಷರತ್ತುಗಳ ಪುಟಗಳನ್ನು ನಾವಿಬ್ಬರೂ ಒಟ್ಟಿಗೆ ಓದೋಣ.

ಇಂತಿ,
ನಿನ್ನ ಅಮ್ಮ