ಡೊಳ್ಳಿನ ಕೋಣೆ ಸೋರಿದೆ, ಜನವರಿಗೆ ಅತಿಥಿಗಳು ಬರುತ್ತಿದ್ದಾರೆ

ಶರಣು ಶರಣಾರ್ಥಿ.

ಸುತ್ತು ಬಳಸದೆ ಹೇಳಿಬಿಡುತ್ತೇವೆ. ಕಳೆದ ತಿಂಗಳ ಹಿಂಗಾರಿ ಮಳೆಗೆ ನಮ್ಮ ತಾಲೀಮು ಕೋಣೆಯ ತಗಡು ಹಾರಿಹೋಯಿತು. ರಾತ್ರಿ ಹೊತ್ತು, ಯಾರಿಗೂ ಗೊತ್ತಾಗಲಿಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ 14 ಡೊಳ್ಳು, 3 ಕರಡಿ ವಾದ್ಯ, ಬಾರಿಸುವ ಹಲಗೆ, ಎಲ್ಲವೂ ನೀರಲ್ಲಿ. ಹಲಗೆಗಳನ್ನು ಬೆಂಕಿಗೆ ಕಾಯಿಸಿ ಹೇಗೋ ದಾರಿಗೆ ತಂದೆವು. ಡೊಳ್ಳುಗಳ ತೊಗಲು ಮಾತ್ರ ಕೆಲವು ಬಿರಿದಿವೆ, ಕೆಲವಕ್ಕೆ ಬೂಷ್ಟು ಹಿಡಿದಿದೆ. ತಗಡು ಸಡಿಲಾಗಿದೆ ಅಂತ ಹುಡುಗರು ದಸರಾಕ್ಕೂ ಮೊದಲೇ ಹೇಳಿದ್ದರು. ನೋಡೋಣ, ಈ ಸಲದ ಉತ್ಸವ ಮುಗಿಯಲಿ ಅಂದವರು ನಾವೇ. ತಪ್ಪು ನಮ್ಮದೇ.

ಉತ್ಸವ ಎಂದರೆ ನಿಮಗೆ ಗೊತ್ತೇ ಇದೆ. ಸಿದ್ಧೇಶ್ವರ ಜಾತ್ರೆ ಮುಗಿದ ಮೇಲೆ, ಜನವರಿ ಕೊನೆಯ ವಾರ, ಮೂರು ದಿನ, ನಮ್ಮ ಊರಿನವರ ಜೊತೆ ಹೊರದೇಶದ ಜಾನಪದ ತಂಡಗಳೂ ಕುಣಿಯುವ ಉತ್ಸವ. ಮೊದಲ ವರ್ಷ "ವಿಜಯಪುರಕ್ಕೆ ಯಾರು ಬರ್ತಾರ್ರೀ" ಅಂತ ನಕ್ಕವರು ಈಗ ಮುಂದಿನ ಸಾಲಿನ ಕುರ್ಚಿಗೆ ಫೋನ್ ಮಾಡುತ್ತಾರೆ! ಬಲ್ಗೇರಿಯಾದ ತಂಡ ಬಂದಾಗಿನ ರಾತ್ರಿ ನೆನಪಿದೆ ಅಲ್ವಾ? ಅವರ ರಚೆನಿತ್ಸಾ ಕುಣಿತಕ್ಕೆ ಏಳು ಎಣಿಕೆ: ಎರಡು, ಎರಡು, ಮೂರು. ನಮ್ಮ ಭಜನಾ ಮಾಸ್ತರರು ತೊಡೆ ಮೇಲೆ ತಾಳ ಹಾಕುತ್ತಾ, "ನಮ್ಮ ರೂಪಕ ತಾಳಾನ ತಲೆಕೆಳಗ ಮಾಡ್ಯಾರ ನೋಡ್ರಿ" ಅಂದರು. ರೂಪಕದಲ್ಲಿ ಮೂರು ಮೊದಲು ಬರುತ್ತದೆ, ಅಷ್ಟೇ ವ್ಯತ್ಯಾಸ. ಹತ್ತು ನಿಮಿಷದಲ್ಲಿ ನಮ್ಮ ಡೊಳ್ಳಿನ ಹುಡುಗರು ಅವರ ಗೈಡಾ ಊದುವವರ ಜೊತೆ ಸೇರಿಕೊಂಡರು. ಗೈಡಾ ಎಂದರೆ ಆಡಿನ ತೊಗಲಿನ ಚೀಲಕ್ಕೆ ಗಾಳಿ ತುಂಬಿ ನುಡಿಸುವ ವಾದ್ಯ. ಅಲ್ಲೂ ಆಡು, ಇಲ್ಲೂ ಆಡು.

ಈ ಊರಿಗೆ ಇದು ಹೊಸದೇನಲ್ಲ. ಇಲ್ಲಿಯ ಸುಲ್ತಾನ ಎರಡನೇ ಇಬ್ರಾಹಿಂ ಆದಿಲ್ ಶಾಹ ಸಂಗೀತದ ಹುಚ್ಚಿಗೆ 1599ರಲ್ಲಿ ತೊರವಿ ಹತ್ತಿರ ನವರಸಪುರ ಅಂತ ಒಂದು ಊರನ್ನೇ ಕಟ್ಟಿಸಲು ಶುರು ಮಾಡಿದ. ತನ್ನ ತಂಬೂರಿಗೆ ಮೋತಿಖಾನ್ ಅಂತ ಹೆಸರಿಟ್ಟಿದ್ದ, ಸರಸ್ವತಿ ಗಣಪತಿಯರ ಮೇಲೆ ಪದ ಕಟ್ಟಿದ. 1624ರಲ್ಲಿ ಅಹ್ಮದ್‌ನಗರದ ಸೇನಾಪತಿ ಮಲಿಕ್ ಅಂಬರ್‌ನ ಸೈನ್ಯ ಆ ಊರನ್ನು ಹಾಳು ಮಾಡಿತು. ಸಂಗೀತ ಮಹಲಿನ ಕಮಾನು ಮಾತ್ರ ಇನ್ನೂ ನಿಂತಿದೆ. ಬಂದ ತಂಡದವರನ್ನೆಲ್ಲ ನಾವು ಗೋಳಗುಮ್ಮಟಕ್ಕಿಂತ ಮೊದಲು ಅಲ್ಲಿಗೇ ಕರೆದೊಯ್ಯುತ್ತೇವೆ. ಮಾತು ಎಲ್ಲೋ ಹೋಯಿತು, ಇರಲಿ.

ಹೊರದೇಶದವರು ವಿಮಾನದ ಖರ್ಚು ತಾವೇ ಹಾಕಿಕೊಳ್ಳುತ್ತಾರೆ. ಇಲ್ಲಿಯ ಊಟ, ವಸತಿ, ಬಸ್ಸು ನಮ್ಮದು. ಈ ಸಲ ಮೂರು ತಂಡ ಒಪ್ಪಿಕೊಂಡಿವೆ, ಟಿಕೆಟ್ಟೂ ಆಗಿದೆ. ನಮಗೆ ಜಾಸ್ತಿ ಚಿಂತೆ ನಮ್ಮವರದ್ದೇ. ಕರಡಿ ಬಾರಿಸುವ ಹಿರಿಯರಿಗೆ ಕಳೆದ ವರ್ಷ ಒಂದು ಶಾಲು ಹೊದಿಸಿ, ಬಸ್ ಚಾರ್ಜು ಕೊಟ್ಟು ಕಳಿಸಿದೆವು. ಅವರು ಏನೂ ಅನ್ನಲಿಲ್ಲ. ಅದೇ ಇನ್ನೂ ಚುಚ್ಚುತ್ತದೆ. ಡೊಳ್ಳಿನ ಹುಡುಗರಲ್ಲಿ ಅರ್ಧ ಜನ ದ್ರಾಕ್ಷಿ ತೋಟದ ಕೂಲಿಗೆ ಹೋಗುವವರು, ನಾಲ್ಕು ಜನ ಗುಳೆ ಹೋಗಿ ಗೋವಾದಲ್ಲಿದ್ದಾರೆ. ತಾಲೀಮಿಗೆ ಬಂದ ದಿನ ಅವರ ಮನೆಗೆ ಪಗಾರ ಇಲ್ಲ. ಆದರೂ ಬರುತ್ತಾರೆ. ಈಗ ಬಂದು ಏನು ಬಾರಿಸಬೇಕು, ಹೇಳಿ?

ತಗಡು, ಕಬ್ಬಿಣ, ಕೂಲಿ ಸೇರಿ ಎರಡೂವರೆ ಲಕ್ಷದ ಆಸುಪಾಸು ಆಗಬಹುದು. ತೊಗಲು, ಹಗ್ಗ, ಬಿಗಿಯುವವರ ಕೂಲಿಗೆ ಇನ್ನೊಂದು ಐವತ್ತು ಅರವತ್ತು ಸಾವಿರ. ಕಲಾವಿದರ ಗೌರವಧನಕ್ಕೆ ಕೈಲಾದಷ್ಟು. ಟ್ರಸ್ಟಿಗಳು ನಾವು ಏಳು ಜನ ಸೇರಿ ಎಂಬತ್ತು ಸಾವಿರ ಹಾಕಿದ್ದೇವೆ. ಉಳಿದದ್ದು ನಿಮ್ಮಿಂದಲೇ ಆಗಬೇಕು. ತೊಗಲು ಬಿಗಿಯುವವರಿಗೆ ಡಿಸೆಂಬರ್ 10ರ ಒಳಗೆ ಮುಂಗಡ ಕೊಡದಿದ್ದರೆ ಅವರು ಜಾತ್ರೆಗಳ ಕೆಲಸ ಹಿಡಿದುಬಿಡುತ್ತಾರೆ, ಆಮೇಲೆ ಸಿಗೋದಿಲ್ಲ.

ನೂರು ರೂಪಾಯಿ ಆದರೂ ಕಳಿಸಿ, ರಸೀದಿ ಕೊಡುತ್ತೇವೆ. ದುಡ್ಡು ಆಗದಿದ್ದರೆ ಜೋಳ ಕೊಡಿ, ಶೇಂಗಾ ಚಟ್ನಿ ಮಾಡಿಕೊಡಿ, ಇಬ್ಬರು ಕಲಾವಿದರಿಗೆ ಮೂರು ರಾತ್ರಿ ಮನೆಯಲ್ಲಿ ಜಾಗ ಕೊಡಿ. ಖಾರ ಮಾತ್ರ ಸ್ವಲ್ಪ ಕಮ್ಮಿ ಇರಲಿ. ಹೋದ ಸಲ ಒಬ್ಬರು ಮಿರ್ಚಿ ಭಜಿ ತಿಂದು ಕಣ್ಣೀರು ಹಾಕಿದ್ದರು.

ನಿಮ್ಮವರೇ,
ಟ್ರಸ್ಟಿಗಳು, ವಿಜಯಪುರ