ಸರ್ವರ್ ಅಪ್‌ಡೇಟ್‌ಗೆ ಮುನ್ನ ಡಿಸ್ಕ್ ಜಾಗ ಪರಿಶೀಲಿಸಲಿ

ಮಾನ್ಯ ಸಂಪಾದಕರೇ,

ಬ್ರಾಡ್‌ಕಾಮ್ ಕಂಪನಿಯು 2023ರ ನವೆಂಬರ್‌ನಲ್ಲಿ, ಒಂದೇ ಸರ್ವರ್‌ನಲ್ಲಿ ಹಲವು ವರ್ಚುವಲ್ ಯಂತ್ರಗಳನ್ನು (ಸಾಫ್ಟ್‌ವೇರ್‌ನಿಂದಲೇ ರೂಪಿಸಿದ ಕಂಪ್ಯೂಟರ್‌ಗಳನ್ನು) ನಡೆಸುವ ಸಾಫ್ಟ್‌ವೇರ್‌ನ ಕಂಪನಿ ವಿಎಂವೇರ್ ಅನ್ನು ಕೊಂಡು, ಶಾಶ್ವತ ಲೈಸೆನ್ಸ್‌ಗಳ ಮಾರಾಟವನ್ನು ನಿಲ್ಲಿಸಿದ ಮೇಲೆ, ನಮ್ಮ ಕಡೆಯ ಕೆಲವು ಕಾಲೇಜು, ನರ್ಸಿಂಗ್ ಹೋಮ್ ಮತ್ತು ಸಹಕಾರ ಸಂಘಗಳು ಲೈಸೆನ್ಸ್ ಶುಲ್ಕವಿಲ್ಲದೆ ಬಳಸಬಹುದಾದ ಪ್ರಾಕ್ಸ್‌ಮಾಕ್ಸ್ ಎಂಬ ಅದೇ ಬಗೆಯ ಸಾಫ್ಟ್‌ವೇರ್‌ಗೆ ಬದಲಾಗಿವೆ. ಅದರ 8ನೇ ಆವೃತ್ತಿಗೆ ಭದ್ರತಾ ಅಪ್‌ಡೇಟ್ ಸಿಗುವುದು 2026ರ ಆಗಸ್ಟ್‌ವರೆಗೆ ಮಾತ್ರ; ಆದ್ದರಿಂದ 2025ರ ಆಗಸ್ಟ್‌ನಲ್ಲಿ ಬಂದ 9ನೇ ಆವೃತ್ತಿಗೆ ಏರುವುದು ಅನಿವಾರ್ಯ. ಈ ಕೆಲಸಕ್ಕೆ ಕೈಹಾಕುವ ಮೊದಲು ಡಿಸ್ಕ್‌ನಲ್ಲಿ ಎಷ್ಟು ಜಾಗ ಉಳಿದಿದೆ ಎಂದು ನೋಡುವವರು ಕಡಿಮೆ ಎಂಬುದೇ ನನ್ನ ಆತಂಕ.

ಸರ್ವರ್‌ನ ಆಪರೇಟಿಂಗ್ ಸಿಸ್ಟಂ ಇರುವ ರೂಟ್ ವಿಭಾಗದಲ್ಲಿ ಕನಿಷ್ಠ 5 ಜಿಬಿ, ಸಾಧ್ಯವಾದರೆ 10 ಜಿಬಿಗಿಂತ ಹೆಚ್ಚು ಜಾಗ ಖಾಲಿ ಇರಬೇಕೆಂದು ಪ್ರಾಕ್ಸ್‌ಮಾಕ್ಸ್‌ನ ಅಧಿಕೃತ ಮಾರ್ಗದರ್ಶಿಯೇ ಹೇಳುತ್ತದೆ. ವರ್ಚುವಲ್ ಯಂತ್ರಗಳ ಡಿಸ್ಕ್‌ಗಳಿಗೆಂದು ಬೇರೆಯಾಗಿಟ್ಟ ಜಾಗ ಎಷ್ಟೇ ಖಾಲಿ ಇದ್ದರೂ ರೂಟ್ ತುಂಬಿದ್ದರೆ ಅದರಿಂದ ಪ್ರಯೋಜನವಿಲ್ಲ. ಅಪ್‌ಡೇಟ್ ನಡುವೆ ಜಾಗ ಮುಗಿದರೆ ಪ್ಯಾಕೇಜ್‌ಗಳು ಅರ್ಧಂಬರ್ಧ ಸ್ಥಾಪನೆಯಾಗುತ್ತವೆ, ಹೊಸ ಕರ್ನಲ್‌ನ (ಆಪರೇಟಿಂಗ್ ಸಿಸ್ಟಂನ ತಿರುಳಿನ) ಬೂಟ್ ಫೈಲ್ ಪೂರ್ತಿ ಬರೆಯಲ್ಪಡುವುದಿಲ್ಲ, ರೀಬೂಟ್ ಮಾಡಿದ ಸರ್ವರ್ ಮೇಲೇಳದೆಯೂ ಹೋಗಬಹುದು. ಆಗ ಅದೊಂದೇ ಯಂತ್ರವನ್ನು ನೆಚ್ಚಿಕೊಂಡಿರುವ ಬಿಲ್ಲಿಂಗ್, ಹಾಜರಾತಿ, ಅಂಕಪಟ್ಟಿ ಎಲ್ಲವೂ ಒಟ್ಟಿಗೆ ನಿಲ್ಲುತ್ತವೆ.

ಜಾಗ ನುಂಗುವುದು ಹೆಚ್ಚಾಗಿ ಹಳೆಯ ಕರ್ನಲ್‌ಗಳು, ಡೌನ್‌ಲೋಡ್ ಆಗಿ ಉಳಿದ ಪ್ಯಾಕೇಜ್‌ಗಳು, ಮರೆತುಹೋದ ಐಎಸ್‌ಒ ಫೈಲ್‌ಗಳು (ಸ್ಥಾಪನಾ ಡಿಸ್ಕ್‌ಗಳ ಪ್ರತಿಗಳು) ಮತ್ತು ಬೆಳೆಯುತ್ತಲೇ ಹೋಗುವ ಲಾಗ್‌ಗಳು, ಅಂದರೆ ಸರ್ವರ್ ತನ್ನ ಆಗುಹೋಗು ಬರೆದಿಡುವ ಫೈಲ್‌ಗಳು. ಇವನ್ನು ಹುಡುಕಿ ತೆಗೆಯುವುದು ಸುಲಭ. ಕಣ್ಣಿಗೆ ಬೀಳದ ಇನ್ನೊಂದು ಕಾರಣವಿದೆ. ಕರೆಂಟ್ ಹೋಗಿ ಬ್ಯಾಕಪ್‌ನ ನ್ಯಾಸ್ ಪೆಟ್ಟಿಗೆ (ನೆಟ್‌ವರ್ಕ್ ಮೂಲಕ ಬಳಸುವ ಡಿಸ್ಕ್ ಪೆಟ್ಟಿಗೆ) ಸಂಪರ್ಕ ಕಳೆದುಕೊಂಡ ರಾತ್ರಿ, ಬ್ಯಾಕಪ್ ಕೆಲಸ ನಿಲ್ಲದೆ, ನ್ಯಾಸ್ ಜೋಡಣೆಯಾಗಬೇಕಿದ್ದ ಖಾಲಿ ಫೋಲ್ಡರ್‌ಗೇ, ಅಂದರೆ ಸರ್ವರ್‌ನ ಸ್ವಂತ ರೂಟ್‌ಗೇ, ಹತ್ತಾರು ಜಿಬಿ ಸುರಿದುಬಿಡಬಹುದು. ಮರುದಿನ ನ್ಯಾಸ್ ಮತ್ತೆ ಜೋಡಣೆಯಾದಾಗ ಆ ಫೈಲ್‌ಗಳು ಅದರ ಕೆಳಗೆ ಮುಚ್ಚಿಹೋಗುತ್ತವೆ. ಡಿಸ್ಕ್‌ನಲ್ಲಿ ಉಳಿದ ಜಾಗ ತೋರಿಸುವ ಡಿಎಫ್ ಆಜ್ಞೆ ಡಿಸ್ಕ್ ನೂರಕ್ಕೆ ನೂರು ತುಂಬಿದೆ ಎನ್ನುತ್ತದೆ, ಕಾಣುವ ಫೈಲ್‌ಗಳ ಗಾತ್ರವನ್ನು ಡಿಯು ಆಜ್ಞೆ ಕೂಡಿಸಿ ಹೇಳುವ ಲೆಕ್ಕ ಅದರ ಅರ್ಧಕ್ಕೂ ಬರುವುದಿಲ್ಲ. ನಾನು ನೋಡಿಕೊಳ್ಳುವ ಒಂದು ಕಾಲೇಜಿನ ಸರ್ವರ್‌ನಲ್ಲಿ ಹೀಗೆಯೇ ಆಗಿತ್ತು. ನ್ಯಾಸ್ ಅನ್ನು ಬಿಡಿಸಿ ಒಳಗೆ ನೋಡಿದ ಮೇಲಷ್ಟೇ ಫೈಲ್‌ಗಳು ಸಿಕ್ಕವು. ಡೈರೆಕ್ಟರಿಯಾಗಿ (ಫೋಲ್ಡರ್ ಆಗಿ) ಸೇರಿಸಿದ ಸ್ಟೋರೇಜ್‌ಗೆ ಅದು ಮೌಂಟ್‌ಪಾಯಿಂಟ್ (ಬೇರೆ ಡಿಸ್ಕ್ ಜೋಡಣೆಯಾಗುವ ಜಾಗ) ಎಂಬ ಗುರುತನ್ನು ಸೆಟ್ಟಿಂಗ್‌ನಲ್ಲಿ ಹಾಕಿದರೆ, ಸಂಪರ್ಕವಿಲ್ಲದಾಗ ಬ್ಯಾಕಪ್ ರೂಟ್‌ಗೆ ಬರೆಯದೆ ವಿಫಲವಾಗುತ್ತದೆ, ವಿಷಯ ಅಂದೇ ತಿಳಿಯುತ್ತದೆ. ಇಷ್ಟು ಚಿಕ್ಕ ಸೆಟ್ಟಿಂಗನ್ನು ಎಲ್ಲರೂ ಹಾಕಿಕೊಳ್ಳಬೇಕೆಂದು ಕಳಕಳಿಯಿಂದ ಕೋರುತ್ತೇನೆ.

ಜಾಗ ಬೇಕೆಂಬ ಅವಸರದಲ್ಲಿ ಸಿಕ್ಕ ಫೈಲ್ ಅಳಿಸುವುದು ಇನ್ನೂ ಅಪಾಯ. ವಿಎಂವೇರ್ ಅಥವಾ ಮೈಕ್ರೋಸಾಫ್ಟ್‌ನ ಹೈಪರ್-ವಿ ಬಳಸುವವರು, ವರ್ಚುವಲ್ ಯಂತ್ರದ ಒಂದು ಕ್ಷಣದ ಸ್ಥಿತಿಯನ್ನು ಉಳಿಸಿಡುವ, ಒಂದಕ್ಕೊಂದು ಕೊಂಡಿಯಾಗಿರುವ ಸ್ನ್ಯಾಪ್‌ಶಾಟ್ ಫೈಲ್‌ಗಳನ್ನು ಫೋಲ್ಡರ್‌ಗೆ ಹೋಗಿ ಕೈಯಿಂದ ತೆಗೆದರೆ ಆ ಸರಪಳಿ ತುಂಡಾಗಿ ಇಡೀ ವರ್ಚುವಲ್ ಯಂತ್ರವೇ ತೆರೆಯದಂತಾಗಬಹುದು; ನಿರ್ವಹಣಾ ಪರದೆಯಿಂದಲೇ ಅಳಿಸಬೇಕು, ಅದಕ್ಕೂ ತಾತ್ಕಾಲಿಕವಾಗಿ ಜಾಗ ಬೇಕಾಗಬಹುದೆಂಬುದು ನೆನಪಿರಬೇಕು.

ಸಂಸ್ಥೆಗಳ ಮುಖ್ಯಸ್ಥರು ಎಎಂಸಿ (ವಾರ್ಷಿಕ ನಿರ್ವಹಣೆ) ಕರಾರಿನಲ್ಲಿ ಎರಡು ಅಂಶ ಸೇರಿಸಬೇಕೆಂದು ವಿನಂತಿ: ರೂಟ್‌ನಲ್ಲಿ ಉಳಿದ ಜಾಗ ಎಷ್ಟು, ಕೊನೆಯ ಬ್ಯಾಕಪ್ ನಿಜಕ್ಕೂ ಯಾವ ಡಿಸ್ಕ್‌ನಲ್ಲಿದೆ ಎಂಬ ಮಾಸಿಕ ವರದಿ, ಮತ್ತು ಅಪ್‌ಡೇಟ್‌ಗೆ ರಜಾದಿನದ ಅರ್ಧ ದಿನ ಬಿಡುವು. ತಂತ್ರಜ್ಞರಿಗೆ ಆ ಬಿಡುವು ಸಿಗದ ಕಾರಣಕ್ಕೇ ಎಷ್ಟೋ ಸರ್ವರ್‌ಗಳನ್ನು ಪರೀಕ್ಷಿಸದೆ ಸಂಜೆಯ ಗಡಿಬಿಡಿಯಲ್ಲಿ ಅಪ್‌ಡೇಟ್ ಮಾಡಲಾಗುತ್ತಿದೆ.

ಇತಿ,
ಒಬ್ಬ ಸಿಸ್ಟಂ ಅಡ್ಮಿನಿಸ್ಟ್ರೇಟರ್, ಹುಬ್ಬಳ್ಳಿ